ರೋಗಿಯ ಕಥೆ ಹೇಳಲಾಗದ ನ್ಯಾಯಾಲಯ: ಔಷಧೀಯ ಗಾಂಜಾ ಮೊಕದ್ದಮೆಗಳಲ್ಲಿ ವಕೀಲರ ಇಕ್ಕಟ್ಟು

2003ರ ಜನವರಿ 31. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಫೆಡರಲ್ ನ್ಯಾಯಾಲಯ. ಗಾಂಜಾ ಕೃಷಿಯ ಕುರಿತು ಪುಸ್ತಕಗಳನ್ನು ಬರೆದಿದ್ದ ಎಡ್ ರೋಸೆಂತಾಲ್ ತಪ್ಪಿತಸ್ಥರೆಂದು ಜ್ಯೂರಿ, ಅಂದರೆ ನಾಗರಿಕರಿಂದ ಆಯ್ದ ತೀರ್ಪುಗಾರರ ಮಂಡಳಿ, ಘೋಷಿಸಿತು. ಕೆಲವೇ ದಿನಗಳಲ್ಲಿ ಆ ತೀರ್ಪುಗಾರರಲ್ಲಿ ಹಲವರು ತಮ್ಮ ತೀರ್ಪಿನ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು. ರೋಸೆಂತಾಲ್ ಗಿಡ ಬೆಳೆಸುತ್ತಿದ್ದುದು ರೋಗಿಗಳಿಗಾಗಿ. ಆ ಕೆಲಸಕ್ಕೆ ಓಕ್‌ಲ್ಯಾಂಡ್ ನಗರಾಡಳಿತವೇ ಅವರಿಗೆ ಅಧಿಕಾರ ನೀಡಿತ್ತು. ಈ ಸಂಗತಿಯನ್ನು ಜ್ಯೂರಿಯ ಮುಂದಿಡಲು ಪ್ರತಿವಾದಿ ವಕೀಲರಿಗೆ ನ್ಯಾಯಾಲಯ ಅವಕಾಶ ಕೊಟ್ಟಿರಲಿಲ್ಲ.

ಔಷಧೀಯ ಗಾಂಜಾ ಮೊಕದ್ದಮೆಗಳನ್ನು ನಡೆಸುವ ಕ್ಯಾಲಿಫೋರ್ನಿಯಾದ ವಕೀಲರ ಪಾಡು ಈ ಒಂದು ಪ್ರಕರಣದಿಂದ ಅರ್ಥವಾಗುತ್ತದೆ. ಕಕ್ಷಿದಾರ ಬಂದೊಡನೆ ಅವರು ತಿಳಿಯಬೇಕಾದ ಮೊದಲ ವಿಷಯ, ಮೊಕದ್ದಮೆ ಯಾವ ನ್ಯಾಯಾಲಯದಲ್ಲಿದೆ ಎಂಬುದು.

ಒಂದೇ ಗಿಡ, ಎರಡು ಕಾನೂನು

ಭಾರತದಲ್ಲಿ ಮಾದಕ ವಸ್ತುಗಳಿಗೆ 1985ರ ಕೇಂದ್ರ ಕಾಯ್ದೆಯೇ ಮುಖ್ಯ ಆಧಾರ. ಅಮೆರಿಕದಲ್ಲಿ ಹಾಗಲ್ಲ. ರಾಜ್ಯದ ಕಾನೂನು, ಫೆಡರಲ್ ಅಂದರೆ ಕೇಂದ್ರದ ಕಾನೂನು ಎರಡೂ ಒಬ್ಬನೇ ವ್ಯಕ್ತಿಗೆ ಅನ್ವಯಿಸುತ್ತವೆ. ಎರಡಕ್ಕೂ ಪ್ರತ್ಯೇಕ ಪೊಲೀಸರು, ಪ್ರತ್ಯೇಕ ನ್ಯಾಯಾಲಯಗಳಿವೆ.

1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 215ನೇ ಪ್ರಸ್ತಾವವನ್ನು ಅಂಗೀಕರಿಸಿ, ವೈದ್ಯರ ಶಿಫಾರಸು ಇರುವ ರೋಗಿಗಳಿಗೆ ಗಾಂಜಾ ಬೆಳೆಯಲು, ಬಳಸಲು ಅನುವು ಮಾಡಿಕೊಟ್ಟರು. ಆದರೆ 1970ರ ಫೆಡರಲ್ ಕಾಯ್ದೆ ಗಾಂಜಾವನ್ನು ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಪಟ್ಟಿಗೆ ಸೇರಿಸಿತ್ತು.

ಈ ತಿಕ್ಕಾಟ ಎರಡು ಬಾರಿ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಓಕ್‌ಲ್ಯಾಂಡಿನ ವಕೀಲ ರಾಬರ್ಟ್ ರೇಚ್ ಎರಡೂ ಪ್ರಕರಣಗಳಲ್ಲಿ ರೋಗಿಗಳ ಪರ ದುಡಿದವರು. ಗಾಂಜಾ ಬೆಳೆದು ವಿತರಿಸುವವರು ವೈದ್ಯಕೀಯ ಅನಿವಾರ್ಯತೆಯನ್ನು ಸಮರ್ಥನೆಯಾಗಿ ಮುಂದಿಡುವಂತಿಲ್ಲ ಎಂದು 2001ರಲ್ಲಿ ತೀರ್ಪು ಬಂತು. ಸ್ವಂತ ಚಿಕಿತ್ಸೆಗೆ ಮನೆಯಲ್ಲಿ ಬೆಳೆದ ಗಿಡದ ಮೇಲೂ ಫೆಡರಲ್ ಸರ್ಕಾರಕ್ಕೆ ಅಧಿಕಾರವಿದೆ ಎಂದು 2005ರ ಜೂನ್‌ನಲ್ಲಿ 6-3ರ ಬಹುಮತದಿಂದ ನ್ಯಾಯಾಲಯ ಹೇಳಿತು. ಈ ಎರಡನೆಯ ಪ್ರಕರಣದ ರೋಗಿಗಳಲ್ಲಿ ಒಬ್ಬರಾದ ಏಂಜೆಲ್ ರೇಚ್ ಆಗ ಆ ವಕೀಲರ ಪತ್ನಿಯಾಗಿದ್ದರು.

ರಾಜ್ಯದ ನ್ಯಾಯಾಲಯದಲ್ಲಿ

ರಾಜ್ಯದ ನ್ಯಾಯಾಲಯದಲ್ಲಿ ವಕೀಲರ ಕೈಗೆ ಬಲ ಬಂದದ್ದು 2002ರ ಮೋವರ್ ಪ್ರಕರಣದಿಂದ. ಮಧುಮೇಹದಿಂದ ಬಳಲುತ್ತಿದ್ದ, ಕಾನೂನಿನ ದೃಷ್ಟಿಯಲ್ಲಿ ಅಂಧನೆನಿಸಿದ್ದ ವ್ಯಕ್ತಿಯೊಬ್ಬನ ಮನೆಯಲ್ಲಿ 31 ಗಿಡಗಳು ಸಿಕ್ಕಿದ್ದವು. ಇಂಥ ರೋಗಿ ವಿಚಾರಣೆಗೆ ಮುನ್ನವೇ ಮೊಕದ್ದಮೆ ರದ್ದತಿಗೆ ಕೋರಬಹುದು. ವಿಚಾರಣೆ ನಡೆದರೂ ತಾನು ಕಾನೂನುಬದ್ಧ ರೋಗಿ ಎಂಬ ಬಗ್ಗೆ ಸಕಾರಣ ಸಂಶಯ ಮೂಡಿಸಿದರೆ ಸಾಕು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಮುಂದಿನ ಪ್ರಶ್ನೆ ಪ್ರಮಾಣದ್ದು. 2004ರಲ್ಲಿ ಜಾರಿಗೆ ಬಂದ ಕಾನೂನು ಒಬ್ಬ ರೋಗಿಗೆ 8 ಔನ್ಸ್, ಅಂದರೆ ಸುಮಾರು 227 ಗ್ರಾಂ ಒಣ ಗಾಂಜಾ ಮತ್ತು 6 ಬಲಿತ ಗಿಡಗಳ ಮಿತಿ ಹಾಕಿತ್ತು. ಮತದಾರರೇ ಕೊಟ್ಟ ಹಕ್ಕನ್ನು ಶಾಸಕಾಂಗ ಹೀಗೆ ಮೊಟಕುಗೊಳಿಸಲಾಗದು. ನ್ಯಾಯಾಲಯದಲ್ಲಿ ರೋಗಿಯ ಸಮರ್ಥನೆಗೆ ಈ ಮಿತಿ ಅಡ್ಡಿಯಾಗಬಾರದು ಎಂದು 2010ರಲ್ಲಿ ಅದೇ ನ್ಯಾಯಾಲಯ ಹೇಳಿತು. ಹೀಗಾಗಿ ವಕೀಲರ ಶ್ರಮವೆಲ್ಲ ವೈದ್ಯರ ಶಿಫಾರಸು, ಚಿಕಿತ್ಸೆಯ ದಾಖಲೆ, ಸಿಕ್ಕ ಗಿಡಗಳಿಂದ ನಿಜಕ್ಕೂ ದೊರೆಯುವ ಗಾಂಜಾ ಎಷ್ಟೆಂದು ಹೇಳಬಲ್ಲ ತಜ್ಞರ ಸಾಕ್ಷ್ಯ ಇವುಗಳ ಸುತ್ತ ಸಾಗುತ್ತದೆ.

ಫೆಡರಲ್ ನ್ಯಾಯಾಲಯದಲ್ಲಿ

ಫೆಡರಲ್ ನ್ಯಾಯಾಲಯದಲ್ಲಿ ಇದೇ ದಾಖಲೆಗಳು ಬಹುಕಾಲ ವಕೀಲರ ಚೀಲದಲ್ಲಿಯೇ ಉಳಿದವು. ಉಳಿದ ದಾರಿ ಶಿಕ್ಷೆ ಕಡಿಮೆ ಮಾಡಿಸುವುದೊಂದೇ. ನೂರಕ್ಕೂ ಹೆಚ್ಚು ಗಿಡಗಳ ಆರೋಪ ಹೊತ್ತ ರೋಸೆಂತಾಲ್ ಅವರಿಗೆ ಕನಿಷ್ಠ ಐದು ವರ್ಷ ಸೆರೆಯ ಭೀತಿಯಿತ್ತು. 2003ರ ಜೂನ್‌ನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಬ್ರೆಯರ್ ವಿಧಿಸಿದ ಸೆರೆ ಒಂದೇ ದಿನ. ಅದನ್ನು ಅವರು ಆಗಲೇ ಅನುಭವಿಸಿದ್ದರು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ರದ್ದುಪಡಿಸಿತು. 2007ರ ಮರುವಿಚಾರಣೆಯಲ್ಲಿ ಅವರು ಮತ್ತೆ ತಪ್ಪಿತಸ್ಥರೆನಿಸಿದರೂ ಹೆಚ್ಚಿನ ಸೆರೆಯಾಗಲಿಲ್ಲ.

ಪರಿಸ್ಥಿತಿ ಬದಲಾದದ್ದು 2014ರ ಡಿಸೆಂಬರ್‌ನಲ್ಲಿ. ರಾಜ್ಯಗಳ ಔಷಧೀಯ ಗಾಂಜಾ ಕಾನೂನಿನ ಜಾರಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಬಳಸಬಾರದೆಂದು ಅಮೆರಿಕದ ಸಂಸತ್ತು ವಿಧಿಸಿತು. ರಾಜ್ಯದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರು ಈ ರಕ್ಷಣೆ ಕೋರಬಹುದೆಂದು 2016ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಚೀಲದಲ್ಲಿದ್ದ ದಾಖಲೆಗಳಿಗೆ ಬೆಲೆ ಬಂತು. ಆದರೆ ಇದು ಹಣ ವೆಚ್ಚದ ಮೇಲಿನ ನಿರ್ಬಂಧವೇ ಹೊರತು ಕ್ಷಮಾದಾನವಲ್ಲ. ಸಂಸತ್ತು ಮನಸ್ಸು ಬದಲಿಸಿದರೆ ಹಳೆಯ ಕೃತ್ಯಕ್ಕೂ ಮೊಕದ್ದಮೆ ಹೂಡಬಹುದೆಂದು ಆ ನ್ಯಾಯಾಲಯವೇ ಎಚ್ಚರಿಸಿತು.

ಅಲ್ಲಿನ ಕನ್ನಡಿಗರಿಗೂ ಸಂಬಂಧಿಸಿದ್ದು

ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. 2016ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ವಯಸ್ಕರೆಲ್ಲರ ಬಳಕೆಗೂ ಒಪ್ಪಿಗೆ ನೀಡಿದರು. ಆದರೆ ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವೂ ಫೆಡರಲ್ ಕಾನೂನಿಗೆ ಸೇರಿದವು. ರಾಜ್ಯದ ಕಾನೂನು ಒಪ್ಪಿದ ಗಾಂಜಾ ಬಳಕೆ ಅಥವಾ ವ್ಯವಹಾರವೂ ಪೌರತ್ವದ ಅರ್ಜಿಗೆ ಮುಳುವಾಗಬಹುದೆಂದು 2019ರ ಏಪ್ರಿಲ್‌ನಲ್ಲಿ ಅಲ್ಲಿನ ವಲಸೆ ಇಲಾಖೆ ಸ್ಪಷ್ಟಪಡಿಸಿತು.

ವಲಸಿಗರ ವಿಷಯದಲ್ಲಿ ವಕೀಲರ ಹೊಣೆಯನ್ನು ನಿಗದಿಪಡಿಸಿದ 2010ರ ಪಡಿಯಾ ತೀರ್ಪು ಸಹ ಗಾಂಜಾ ಪ್ರಕರಣದಿಂದಲೇ ಹುಟ್ಟಿದ್ದು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಕಾಯಂ ನಿವಾಸಿಯಾಗಿದ್ದ ಲಾರಿ ಚಾಲಕನೊಬ್ಬ ವಕೀಲರ ಭರವಸೆ ನಂಬಿ ತಪ್ಪೊಪ್ಪಿಕೊಂಡು ಗಡೀಪಾರಿನ ಅಂಚಿಗೆ ಬಂದಿದ್ದ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಅದನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಸಾರಿತು.

2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆಯು ಗಾಂಜಾವನ್ನು ಮೊದಲ ಪಟ್ಟಿಯಿಂದ ಮೂರನೆಯದಕ್ಕೆ ಇಳಿಸುವ ಪ್ರಸ್ತಾಪ ಪ್ರಕಟಿಸಿತು. ಮೂರನೆಯದೂ ನಿಯಂತ್ರಿತ ವಸ್ತುಗಳ ಪಟ್ಟಿಯೇ. ಆದ್ದರಿಂದ ಅಂಗಡಿಯ ಫಲಕವನ್ನು ನಂಬಿ ಒಳಗೆ ಕಾಲಿಡುವ ಮುನ್ನ, ಸಣ್ಣ ಪ್ರಕರಣವೆಂದು ತಪ್ಪೊಪ್ಪಿಗೆಗೆ ಸಹಿ ಹಾಕುವ ಮುನ್ನ, ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳುವುದು ಅಲ್ಲಿರುವ ಪ್ರತಿಯೊಬ್ಬ ಭಾರತೀಯನಿಗೂ ಕ್ಷೇಮ.