ಹಾನಗಲ್ಲ ಸೀಮೆಯಿಂದ ಗದಗಿಗೆ ಹೋದ ಪೇಟಿ

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರು ಕಡಿಮೆ. ಅದರ ಬೇರು ಹಾವೇರಿ ಜಿಲ್ಲೆಯಲ್ಲಿದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳಿಂದ ಈ ಕಥೆ ಶುರು. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಎಂಬ ಹುಟ್ಟು ಅಂಧ ಹುಡುಗನ ಕಂಠ ಅವರ ಕಿವಿಗೆ ಬಿತ್ತು. ಅಂಥ ಮಕ್ಕಳನ್ನು ಮನೆಯ ಮೂಲೆಗೆ ಕೂಡಿಸುತ್ತಿದ್ದ ಕಾಲ. ಸ್ವಾಮಿಗಳು ಅನ್ನವಿಕ್ಕಿ ಸುಮ್ಮನಾಗಲಿಲ್ಲ, ಗುರುಗಳನ್ನು ಹುಡುಕಿ ವಿದ್ಯೆ ಕೊಡಿಸಿದರು. ಕರ್ನಾಟಕ ಸಂಗೀತವನ್ನೂ, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತ ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಮುಂದೆ ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಗೀತ ಪಾಠಶಾಲೆ ನಡೆಸಿದರು. ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು.

ಈ ಗುರುವಿನ ಮಡಿಲಿಗೆ ಬಂದ ಇನ್ನೊಂದು ಕೂಸು ದೇವಗಿರಿಯ ಪುಟ್ಟಯ್ಯ. ಹುಟ್ಟಿದ್ದು 1914ರ ಮಾರ್ಚ್ 3ರಂದು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯ. ಮಾವನ ಪೇಟಿಯ ಮೇಲೆ ಅಳಿಯನ ಬೆರಳು ತಾನಾಗಿ ಓಡಾಡಿದ್ದನ್ನು ಕಂಡು ಅವರೇ ಅವನನ್ನು ಪಂಚಾಕ್ಷರ ಗವಾಯಿಗಳಿಗೆ ಒಪ್ಪಿಸಿದರು.

ಪೇಟಿ, ಅಂದರೆ ಹಾರ್ಮೋನಿಯಂ, ಮೂಲದಲ್ಲಿ ನಮ್ಮದಲ್ಲ. 1842ರಲ್ಲಿ ಪ್ಯಾರಿಸ್‌ನ ಡೆಬೇನ್ ಅದಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುತ್ತಿದ್ದ ಆ ವಾದ್ಯವನ್ನು ನೆಲದಲ್ಲಿ ಕೂತು ಕೈಯಿಂದ ಒತ್ತಿ ನುಡಿಸುವಂತೆ ಮಾಡಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಗಮಕ ಹೊರಡದು ಎಂದು ಪಂಡಿತರು ಅದನ್ನು ದೂರಿದರು. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗಿಟ್ಟಿತು. ಆ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಕಣ್ಣಿಲ್ಲದ ಮಗುವಿಗೆ ಪೇಟಿಯಂಥ ಮೊದಲ ಗುರು ಸಿಗುವುದು ಕಷ್ಟ. ಷಡ್ಜ ಇಂದು ಎಲ್ಲಿತ್ತೋ ನಾಳೆಯೂ ಅಲ್ಲೇ ಬೆರಳಿಗೆ ಸಿಗುತ್ತದೆ.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ, ಆ ಹೊತ್ತಿಗೆ ಪುಟ್ಟರಾಜ ಗವಾಯಿಗಳೆನಿಸಿದ್ದ ಪುಟ್ಟಯ್ಯನವರ ಹೆಗಲೇರಿತು. ಪೇಟಿ, ತಬಲಾ, ವಯೊಲಿನ್ ನುಡಿಸಿದರು, ವಚನ ರಚಿಸಿದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, ಭಗವದ್ಗೀತೆಯನ್ನು ಬ್ರೈಲ್‌ಗೆ ತಂದರು. ನಾಟಕ ಬರೆದು ಕಂಪನಿ ನಡೆಸಿದ್ದು ಮಕ್ಕಳ ಊಟಕ್ಕಾಗಿ. ಅವರ ಎಲ್ಲ ರಚನೆಗಳಿಗಿಂತ ಆ ಊಟದ ಪಂಕ್ತಿಯೇ ನನಗೆ ದೊಡ್ಡದೆನಿಸುತ್ತದೆ.

ಪಂಚಾಕ್ಷರ ಗವಾಯಿಗಳಲ್ಲಿ ಬಸವರಾಜ ರಾಜಗುರು ಕಲಿತರು, ಪುಟ್ಟರಾಜರಲ್ಲಿ ವೆಂಕಟೇಶ ಕುಮಾರ್. ಹೆಸರಾಗದೆ ಶಾಲೆಗಳಲ್ಲಿ ಸಂಗೀತ ಮಾಸ್ತರರಾಗಿ, ಪೇಟಿ ಬಾರಿಸಿ ಸ್ವಂತ ಸಂಸಾರ ಸಾಕಿದ ಅಂಧ ಶಿಷ್ಯರೂ ಬಹಳ. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಹೋದರು. ಭಕ್ತರು ಮಾಡಿದ ತುಲಾಭಾರಗಳ ನಾಣ್ಯವೆಲ್ಲ ಆಶ್ರಮದ ಮಕ್ಕಳಿಗೇ ಸಂದಿತ್ತು.