ಒನಕೆಯಲ್ಲ, ರುಬ್ಬುಗುಂಡು

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದೆ. ಎಣ್ಣೆನೀರು, ಮೆಂತ್ಯದ ಉಂಡೆ, ಕೂಸಿನ ಲಾಲನೆ, ಇಷ್ಟರಲ್ಲೇ ಮೂರು ತಿಂಗಳು ಕಳೆದುಹೋಗುತ್ತದೆಂದು ಎಣಿಸಿದ್ದೆ. ಆದರೆ ಪುಣೆಗೆ ಹಿಂತಿರುಗಿ ಗೆಳತಿಯರ ಮುಂದೆ ನಾನು ಹೆಚ್ಚಾಗಿ ಮಾತಾಡಿದ್ದು ಮಗಳ ಪಕ್ಕದ ಮನೆಯ ಒಂದು ಹಳೆಯ ಪಿಕಪ್ ಗಾಡಿಯ ವಿಷಯ! "ಇದೇನ್ರೀ, ಮೊಮ್ಮಗಳ ಫೋಟೊ ತೋರಿಸೋದು ಬಿಟ್ಟು ಲಾರಿ ಕಥೆ ಹೇಳ್ತೀರಲ್ಲ" ಎಂದು ಅವರು ನಕ್ಕರು. ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಎಂಜಿನಿಯರಿಂಗ್ ಓದುವವರಾದ್ದರಿಂದ ನೀವಾದರೂ ಕೇಳುತ್ತೀರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ಇಂಗ್ಲಿಷ್ ಬಿ.ಎ. ಓದಿದವಳು, ಎಂಜಿನ್ ವಿಚಾರದಲ್ಲಿ ತಪ್ಪಿದರೆ ಮುಲಾಜಿಲ್ಲದೆ ತಿದ್ದಿ.

ಗಾಡಿಯ ಹೆಸರು ಮಾಜ್ದಾ ರೋಟರಿ ಪಿಕಪ್, 1974ರದ್ದು. ನಮ್ಮ ಛೋಟಾ ಹಾಥಿಗಿಂತ ತುಸು ಉದ್ದ, ಬಹಳ ಕುಳ್ಳು. ಚಕ್ರಗಳ ಮೇಲಿನ ತಗಡು ಉಬ್ಬಿಕೊಂಡಿದೆ, ಹಿಂದಿನ ದೀಪಗಳು ದುಂಡಗಿವೆ, ಹಿಂಬಾಗಿಲ ತಗಡಿನಲ್ಲೇ ಎದ್ದು ಕಾಣುವ ದೊಡ್ಡ ಅಕ್ಷರಗಳಲ್ಲಿ 'ರೋಟರಿ ಪವರ್' ಎಂದು ಅಚ್ಚೊತ್ತಿದೆ. ಮಾಲೀಕರು ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕರು. ನಾನು ಮನಸ್ಸಿನಲ್ಲೇ ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟೆ. ಅವರ ತಂದೆ ಬಾದಾಮಿ ತೋಟಕ್ಕಾಗಿ ಕೊಂಡಿದ್ದ ಗಾಡಿಯಂತೆ. ಐವತ್ತು ವರ್ಷವಾದರೂ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಇದೆ. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಪೂಜೆಗಿಟ್ಟಿಲ್ಲ. ಗೊಬ್ಬರ, ಸಿಮೆಂಟ್ ಚೀಲ, ಮರದ ಹಲಗೆ, ದಿನಸಿ, ಎಲ್ಲವೂ ಅದರಲ್ಲೇ.

ಇದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ ಎಂದಾಗ ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ತಕ್ಷಣ ನನಗೆ ಅಜ್ಜಿಯ ಮನೆಯ ಅಡಿಗೆಮನೆ ನೆನಪಾಯಿತು. ಮಾಮೂಲಿ ಎಂಜಿನ್ ಎಂದರೆ ಒನಕೆ: ಮೇಲೆ ಕೆಳಗೆ, ಮೇಲೆ ಕೆಳಗೆ. ಇದು ಒರಳಿನ ರುಬ್ಬುಗುಂಡು! ನಿಮ್ಮಲ್ಲಿ ಅನೇಕರು ಮಿಕ್ಸಿಯನ್ನಷ್ಟೇ ಕಂಡಿರಬಹುದು. ಒರಳಿನಲ್ಲಿ ಗುಂಡು ನಟ್ಟ ನಡುವೆ ನಿಂತು ತಿರುಗುವುದಿಲ್ಲ. ಅಂಚಿಗೆ ಒತ್ತಿಕೊಂಡು, ತಾನೂ ತಿರುಗುತ್ತಾ ಗುಳಿಯನ್ನೂ ಸುತ್ತುತ್ತದೆ. ಇಲ್ಲಿ ಗುಂಡಿನ ಬದಲು ಉಬ್ಬಿದ ಸಮೋಸದಂಥ ಮೂರು ಮೂಲೆಯ ರೋಟರ್, ಗುಳಿಯ ಬದಲು ನಡು ಸ್ವಲ್ಪ ಒಳಕ್ಕೆ ಒತ್ತಿದ ಕೋಣೆ. ರೋಟರಿನ ಮೂರು ಮೂಲೆಗಳೂ ಸದಾ ಗೋಡೆಗೆ ತಾಗಿಕೊಂಡೇ ಇರುವುದರಿಂದ ಮೂರು ಖಾನೆಗಳಾಗುತ್ತವೆ. ಒಂದು ಪೆಟ್ರೋಲ್ ಹೊಗೆಯನ್ನು ಒಳಗೆಳೆದುಕೊಳ್ಳುವಾಗ ಇನ್ನೊಂದು ಅದನ್ನು ಹಿಸುಕಿ ಉರಿಸುತ್ತದೆ, ಮತ್ತೊಂದು ಹೊರಗೆ ತಳ್ಳುತ್ತದೆ. ವಾಲ್ವ್‌ಗಳೇ ಇಲ್ಲ. ಇಂಥ ಎರಡು ರೋಟರ್, ಒಂದೊಂದಕ್ಕೆ 654 ಸಿ.ಸಿ., ಒಟ್ಟು 1,308. ನಡುವಿನ ದಂಡ ಮೂರು ಸುತ್ತು ಸುತ್ತುವಾಗ ರೋಟರ್ ಸುತ್ತುವುದು ಒಂದೇ ಸುತ್ತು. ಹಾಗಾಗಿ ಈ ಎಂಜಿನ್ ನಡುಗುವುದಿಲ್ಲ, ದುಂಬಿಯಂತೆ ಗುಂಯ್‌ಗುಡುತ್ತದೆ.

ಇದನ್ನು ಕಲ್ಪಿಸಿದವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. 1961ರಲ್ಲಿ ಎನ್.ಎಸ್.ಯು. ಕಂಪನಿಯಿಂದ ಹಕ್ಕು ಪಡೆದದ್ದು ಜಪಾನಿನ ಹಿರೋಶಿಮಾದ ತೊಯೊ ಕೊಗ್ಯೊ, ಅಂದರೆ ಇಂದಿನ ಮಾಜ್ದಾ. ಮೂಲೆಗಳಲ್ಲಿ ಕೂರಿಸಿದ ಏಪೆಕ್ಸ್ ಸೀಲ್ ಎಂಬ ಸಣ್ಣ ಪಟ್ಟಿಗಳು ಓಡುತ್ತಾ ಅದುರಿ ಗೋಡೆಯ ಮೇಲೆ ಗೀರು ಹಾಕುತ್ತಿದ್ದವಂತೆ. 'ದೆವ್ವದ ಉಗುರಿನ ಗೀರು' ಎಂದು ಅದನ್ನು ಕರೆದ ಕೆನಿಚಿ ಯಾಮಾಮೊಟೊ ಮತ್ತವರ ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿ 1967ರಲ್ಲಿ ಕಾಸ್ಮೊ ಎಂಬ ಕಾರನ್ನು ಹೊರತಂದರು. ಪಿಕಪ್ಪಿನ ಹಣೆಬರಹ ಮಾತ್ರ ಚೆನ್ನಾಗಿರಲಿಲ್ಲ. ಅಮೆರಿಕ ಮತ್ತು ಕೆನಡಾಗಳಿಗಷ್ಟೇ ಮಾಡಿದ ಗಾಡಿ ಅದು. 1973ರ ಕೊನೆಗೆ ಅರಬ್ ದೇಶಗಳು ತೈಲ ನಿಲ್ಲಿಸಿದವು, ಹೆಚ್ಚು ಪೆಟ್ರೋಲ್ ಕುಡಿಯುವ ಈ ಪಿಕಪ್ 1974ರಲ್ಲಿ ಅಂಗಡಿಗೆ ಬಂತು! ಮದುವೆಮನೆಯ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. 1977ಕ್ಕೆ ನಿಂತೇಹೋಯಿತು. ತಯಾರಾದದ್ದು 15,000ದ ಆಸುಪಾಸು, ಬಹುಪಾಲು ಮೊದಲ ವರ್ಷದ್ದೇ.

ಇಂಥದ್ದನ್ನು ದಿನಾ ಓಡಿಸುವುದೆಂದರೆ ಒಂದು ವ್ರತ. ಮೇಷ್ಟ್ರು ಪೆಟ್ರೋಲ್ ಹಾಕಿಸಿದಾಗಲೆಲ್ಲ ಎಂಜಿನ್ ಎಣ್ಣೆಯನ್ನೂ ನೋಡುತ್ತಾರೆ. ಸೀಲ್‌ಗಳು ಒಣಗದಿರಲೆಂದು ಈ ಎಂಜಿನ್ ತಾನೇ ಸ್ವಲ್ಪ ಸ್ವಲ್ಪ ಎಣ್ಣೆಯನ್ನು ಕಾರ್ಬುರೇಟರಿಗೆ ತೊಟ್ಟಿಕ್ಕಿಸಿ ಸುಡುತ್ತದೆ. ನಮ್ಮ ಯಜಮಾನರ ಹಳೆಯ ಸ್ಕೂಟರಿಗೆ ಟೂ-ಟಿ ಎಣ್ಣೆ ಬೆರೆಸುತ್ತಿದ್ದೆವಲ್ಲ, ಅದೇ ವಾಸನೆ ನನ್ನ ಮೂಗಿಗೂ ಬಂತು. ಲೀಟರಿಗೆ ಏಳು ಕಿಲೋಮೀಟರ್ ಸಿಕ್ಕಿದರೆ ಪುಣ್ಯ. ರೇಡಿಯೇಟರ್ ನೀರಿನ ಮೇಲೂ ಸದಾ ಕಣ್ಣು, ಏಕೆಂದರೆ ಕಬ್ಬಿಣದ ಬಿಲ್ಲೆ, ಅಲ್ಯೂಮಿನಿಯಂ ಕೋಣೆ ಎಂದು ಸ್ಯಾಂಡ್‌ವಿಚ್ಚಿನಂತೆ ಜೋಡಿಸಿ ಉದ್ದುದ್ದ ಬೋಲ್ಟ್ ಬಿಗಿದ ಎಂಜಿನ್ ಅದು. ಒಮ್ಮೆ ಕಾದು ಕೆಂಪಾದರೆ ಪದರಗಳ ನಡುವಿನ ಸೀಲ್ ಹೋಯಿತೆಂದೇ ಲೆಕ್ಕ.

ಹೊರೆ ಎಳೆಯುವಾಗಂತೂ ಅವರ ಪಾದಗಳನ್ನು ನೋಡಬೇಕು. ಒಂದು ದಿನ ಮಗಳ ಹಿತ್ತಲಿಗೆ ಮಣ್ಣು ತರಲು ನಾನೂ ಜೊತೆಗೆ ಹೋಗಿದ್ದೆ. ಬೇರೆ ಪಿಕಪ್‌ಗಳು ನಿಧಾನಕ್ಕೆ ಗೊರಗುಟ್ಟುತ್ತಾ ಎತ್ತಿನಂತೆ ಎಳೆಯುತ್ತವೆ, ಇದು ಕುದುರೆಯ ಜಾತಿ. ಕೆಳಗಿನ ವೇಗದಲ್ಲಿ ಬಲವೇ ಇಲ್ಲ, ಏರು ಬಂದರೆ ಗೇರ್ ಇಳಿಸಿ ಎಂಜಿನ್ನನ್ನು ಜೋರಾಗಿ ತಿರುಗಿಸಬೇಕು. "ಕಿರುಚಲಿ ಬಿಡಿ, ಅದಕ್ಕೆ ಅದೇ ಇಷ್ಟ" ಎಂದರು. ನನಗೋ ನಮ್ಮನ್ನೇ ಬೈಯುತ್ತಿದೆಯೇನೋ ಎಂಬ ಸಂಕೋಚ. ಇಳಿಜಾರಿನಲ್ಲಿ ಎಂಜಿನ್ ಹೆಚ್ಚಾಗಿ ತಡೆಹಿಡಿಯುವುದಿಲ್ಲ. ಭಾರವಿದ್ದರೆ ಬ್ರೇಕೇ ಗತಿ ಎಂದು ದೂರದಿಂದಲೇ ವೇಗ ತಗ್ಗಿಸುತ್ತಿದ್ದರು.

ಅನಾಹುತ ನಡೆದದ್ದು ಅಂದು ಸಂಜೆ, ನಮ್ಮಿಂದಲೇ. ಮಣ್ಣು ಇಳಿಸಿಯಾದ ಮೇಲೆ ಗಾಡಿಯನ್ನು ನಮ್ಮ ಅಂಗಳದಲ್ಲೇ ಬಿಟ್ಟು ಮೇಷ್ಟ್ರು ಮನೆಗೆ ಹೋಗಿದ್ದರು. ರಾತ್ರಿ ನಮ್ಮ ಅಳಿಯ, ಪಾಪ ಒಳ್ಳೆಯ ಮನಸ್ಸಿನಿಂದಲೇ, ಅದನ್ನು ಅವರ ಬಾಗಿಲವರೆಗೆ ಇಪ್ಪತ್ತು ಅಡಿ ಓಡಿಸಿ ಆರಿಸಿಬಿಟ್ಟ. ರೋಟರಿ ಎಂಜಿನ್ನಿಗೆ ಇದೇ ಮಹಾಪಾಪ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಹೀರಿಕೊಂಡಿರುತ್ತದೆ. ಬಿಸಿಯಾಗುವ ಮೊದಲೇ ಆರಿಸಿದರೆ ಅದು ಒಳಗೇ ನಿಂತು ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ, ಸೀಲ್‌ಗಳು ಒತ್ತಡ ಹಿಡಿಯುವುದಿಲ್ಲ. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಓವರ್‌ಫ್ಲೋ'.

ಮರುದಿನ ಶನಿವಾರ. ಪ್ರತಿ ಶನಿವಾರ ಮೇಷ್ಟ್ರು ತೋಟಗಳಲ್ಲಿ ಉಳಿದ ಹಣ್ಣು ತರಕಾರಿಯ ಪೆಟ್ಟಿಗೆಗಳನ್ನು ಊರಿನ ಉಚಿತ ಆಹಾರ ಕೇಂದ್ರಕ್ಕೆ ಸಾಗಿಸುತ್ತಾರೆ. ಆರು ಗಂಟೆಗೆ ಕೀಲಿ ತಿರುಗಿಸಿದರೆ ಗಾಡಿ ಬರೀ ಕೊಸರಿತು. ಅಳಿಯ ಬಿಳಿಚಿಕೊಂಡು ನಿಂತ. ಬೈಗುಳ ಬರುತ್ತದೆಂದುಕೊಂಡೆವು. ಮೇಷ್ಟ್ರು ಒಂದು ಮಾತೂ ಆಡದೆ ಸ್ಪ್ಯಾನರ್ ತಂದು ಅವನ ಕೈಗಿತ್ತರು. ರೋಟರಿಗೆ ಎರಡರಂತೆ ನಾಲ್ಕು ಪ್ಲಗ್. ಕೆಳಗಿನ ಎರಡನ್ನು ಅವನಿಂದಲೇ ಬಿಚ್ಚಿಸಿದರು, ಇಗ್ನಿಷನ್ ತಂತಿ ತೆಗೆದು ಎಂಜಿನ್ ತಿರುಗಿಸಿ ಪೆಟ್ರೋಲ್ ಹೊರಹಾಕಿಸಿದರು, ಪ್ಲಗ್ ಒರೆಸಿಸಿದರು, ರಂಧ್ರದಲ್ಲಿ ಒಂದು ಚಮಚ ಎಣ್ಣೆ ಬಿಡಿಸಿದರು. ನಾನು ಕಾಫಿ ಹಿಡಿದು ನಿಂತಿದ್ದೆ. ಎಂಟೂಕಾಲಿಗೆ ಬೀದಿ ತುಂಬ ನೀಲಿ ಹೊಗೆ ಎಬ್ಬಿಸಿ ಗಾಡಿ ಗುಂಯ್‌ಗುಟ್ಟಿತು. ಪೆಟ್ಟಿಗೆ ಹೊರಲು ಅಳಿಯನೂ ಹೋದ. ಆಮೇಲೆ ಯಾವ ಶನಿವಾರವನ್ನೂ ತಪ್ಪಿಸಲಿಲ್ಲ.

ಆದರೆ ಎಂಜಿನ್ನಿಗೆ ನಿಜವಾಗಿ ವಯಸ್ಸಾಗಿತ್ತು. ಬಿಸಿಯಾದ ಗಾಡಿಯನ್ನು ಅಂಗಡಿಯ ಮುಂದೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳಲು ಹಠ. ಅದು ಸೀಲ್ ಸವೆದ ಲಕ್ಷಣವಂತೆ. ಮೇಷ್ಟ್ರ ಮಗ ದೂರದ ಊರಿನಿಂದ ಬಂದಾಗ, ಮಾಮೂಲಿ ಪಿಸ್ಟನ್ ಎಂಜಿನ್ ಕೂರಿಸಿಬಿಡೋಣ, ಪೆಟ್ರೋಲೂ ಉಳಿಯುತ್ತದೆ, ತಲೆನೋವೂ ಇಲ್ಲ ಎಂದು ವಾದಿಸಿದ. ಲೆಕ್ಕಕ್ಕೆ ಅವನದೇ ಸರಿ; ಗೃಹಿಣಿಯಾಗಿ ನಾನೂ ಅವನ ಪಕ್ಷವೇ. ಮೇಷ್ಟ್ರು ಮಾತ್ರ, "ಹಾಗೆ ಮಾಡಿದರೆ ಹಿಂಬಾಗಿಲ ಮೇಲಿನ ಅಕ್ಷರ ಸುಳ್ಳಾಗುತ್ತದಲ್ಲ" ಎಂದರು. ನಾನು ಹೊರಡುವ ದಿನದವರೆಗೂ ತೀರ್ಮಾನವಾಗಿರಲಿಲ್ಲ.

ಹೋದ ತಿಂಗಳು ಮಗಳು ಫೋನ್ ಮಾಡಿದ್ದಳು. ಎಂಜಿನ್ ಇಳಿಸಿ, ಹೊಸ ಸೀಲ್ ಹಾಕಿ, ಅದನ್ನೇ ಮತ್ತೆ ಕೂರಿಸಿದರಂತೆ. ಬೋಲ್ಟ್‌ಗಳನ್ನು ಕ್ರಮವಾಗಿ ಬಿಗಿಯಲು ಅಳಿಯ ಎರಡು ದಿನ ರಜೆ ಹಾಕಿದ್ದನಂತೆ. ಮಾತಿನ ನಡುವೆ ಹೊರಗೆಲ್ಲೋ ಗುಂಯ್ ಎಂದಿತು. "ಅಮ್ಮಾ, ಒಂದ್ನಿಮಿಷ" ಎಂದಳು ಮಗಳು, "ಇವಳನ್ನ ಕಿಟಕಿ ಹತ್ರ ಎತ್ಕೊಂಡ್ ಹೋಗ್ಬೇಕು, ಇಲ್ದಿದ್ರೆ ಅಳ್ತಾಳೆ."