ಓದು ಬಾರದವರಿಗೂ ಎಟುಕುವ ಕೃಷಿ ಪಾಠ

ನಮ್ಮ ಸೋಂಪುರದ ಕಡೆ ರಾಗಿ ಬೀಜ ಎತ್ತಿಡೋರು ಹೆಚ್ಚಾಗಿ ಹೆಂಗಸರು. ತರಬೇತಿಗೆ ಹೋಗಿಬರೋರು ಗಂಡಸರು. ಕರಪತ್ರ ಮನೆಗೆ ಬಂದರೂ ಓದೋರು ಬೇಕಲ್ಲ!

ಇದಕ್ಕೆ ನಾನು ಮೆಚ್ಚುವ ಮಾದರಿ ಡಿಜಿಟಲ್ ಗ್ರೀನ್. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾಯಿತು. ಊರಿನ ರೈತರೇ ಹೊಲದಲ್ಲಿ ಮಾಡಿ ತೋರಿಸಿದ್ದನ್ನು ವಿಡಿಯೋ ಮಾಡಿ, ಊರೊಳಗೇ ತೋರಿಸಿ, ನಡುನಡುವೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ, ಹೊಸ ಪದ್ಧತಿಗಳ ಅಳವಡಿಕೆ ಮಾಮೂಲಿ ವಿಸ್ತರಣಾ ವಿಧಾನಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚಿತು. ಪರದೆ ಮೇಲೆ ಗುರುತಿನ ಮುಖ ಕಂಡರೆ ನಂಬಿಕೆಯೇ ಬೇರೆ.

ಈಗ ಫೋನ್ ಸಾಕು. 20–25 ದಿನದ ರಾಗಿ ಪೈರು ನಾಟಿ ಮಾಡುವಾಗ ಐದು ನಿಮಿಷ ಚಿತ್ರೀಕರಿಸಿ. ಮಾತು ನಾಟಿ ಹಾಕೋ ಹೆಂಗಸರದ್ದೇ ಇರಲಿ. ತಳಿ, ಮಣ್ಣು, ಬಿತ್ತಿದ ತಾರೀಖು ಹೇಳಿಸಿ. ‘ಯಾರು ಬೇಕಾದರೂ ಹಂಚಬಹುದು’ ಅಂತ ಬರೆಯೋದು ಮರೀಬೇಡಿ. ಅದಿದ್ದರೆ ಪಕ್ಕದ ಊರಿನ ಶಾಲೆ, ಸಂಘದವರೂ ಧೈರ್ಯವಾಗಿ ಬಳಸ್ತಾರೆ.